ಮರಿ ಹಾವಿಗೆ 4 ಅಡಿ ಉದ್ದದ ಪೆಟ್ಟಿಗೆ: ನನ್ನ ಅನುಭವ

ನನ್ನ ಮೊದಲ ಹಾವು ಒಂದು ಕಾರ್ನ್ ಸ್ನೇಕ್, ವಿಷವಿಲ್ಲದ ಅಮೆರಿಕದ ಹಾವು. ಬಂದಾಗ 12 ಗ್ರಾಂ ಇತ್ತೇನೋ. ಮೊನ್ನೆ ತೂಗಿದೆ, 110ರ ಹತ್ತಿರ ತೋರಿಸಿತು. ಬಂದು 14 ತಿಂಗಳಾಯಿತು. ಅದರಲ್ಲಿ 11 ತಿಂಗಳು ಅದು ಬೆಳೆದದ್ದು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಮರದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೆ ಬಂದ ಮೇಲೆ, ಪೊರೆ ಬಿಡುವ ದಿನಗಳನ್ನು ಬಿಟ್ಟರೆ ಅದು ಒಂದು ಊಟವನ್ನೂ ತಪ್ಪಿಸಿಲ್ಲ.

ಇದನ್ನು ಬರೆಯೋಕೆ ಕಾರಣ ಇದೆ. ಮರಿಗೆ ದೊಡ್ಡ ಜಾಗ ಕೊಟ್ಟರೆ ಹೆದರಿ ತಿನ್ನೋದು ಬಿಡುತ್ತೆ ಅಂತ ಎಲ್ಲರೂ ಹೇಳಿದರು. ವರ್ಷಗಳಿಂದ ಹಾವು ಸಾಕುತ್ತಿರುವ ಗೆಳೆಯನಂತೂ, "ಸುಮ್ನೆ ಡಬ್ಬಿಯಲ್ಲಿ ಇಡೋ, ಒಂದು ವರ್ಷ ಆಗಲಿ, ಆಮೇಲೆ ನೋಡೋಣ" ಅಂದ. ಅವನ ಮಾತು ಸುಳ್ಳಲ್ಲ. ಖಾಲಿ ಇರುವ ದೊಡ್ಡ ಜಾಗದಲ್ಲಿ ಮರಿ ಹೆದರುತ್ತದೆ, ಅದನ್ನು ನಾನೇ ನೋಡಿದ್ದೇನೆ. ಆದರೆ ಅದನ್ನು ಹೆದರಿಸುವುದು ಜಾಗದ ಅಳತೆಯಲ್ಲ, ಬಯಲು. ಬಯಲೇ ಕಾಣದ ಹಾಗೆ ತುಂಬಿಬಿಟ್ಟರೆ ಪೆಟ್ಟಿಗೆ ಎಷ್ಟು ದೊಡ್ಡದಿದ್ದರೂ ಮರಿಗೆ ತೊಂದರೆ ಇಲ್ಲ.

ಇದು ಗೊತ್ತಾಗುವ ಮುಂಚೆ ದುಡ್ಡು ಚೆನ್ನಾಗಿಯೇ ಹೋಯಿತು. ಮೊದಲು ತಂದದ್ದು 2 ಅಡಿಯ ಗಾಜಿನ ತೊಟ್ಟಿ, ಮೇಲೆ ಜಾಲರಿ ಮುಚ್ಚಳ, ಕೆಳಗೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ತೆಳು ಹಾಳೆ. ಒಳಗೆ ಅಂಟಿಸಿದ್ದ ಗುಂಡಗಿನ ಮಾಪಕ ಯಾವಾಗಲೂ 30 ಡಿಗ್ರಿ ತೋರಿಸುತ್ತಿತ್ತು. ನಾನೂ ನಂಬಿಕೊಂಡಿದ್ದೆ. ಮರಿ ಮಾತ್ರ ಹಗಲೂ ರಾತ್ರಿ ತಂಪಿನ ಮೂಲೆಯಲ್ಲೇ ಇರುತ್ತಿತ್ತು. ಒಂದು ಸಂಜೆ ತಾಪ ಅಳೆಯುವ ಗನ್ ಎರವಲು ತಂದು, ನೆಲದ ಹಾಸನ್ನು ಬೆರಳಿನಿಂದ ಸರಿಸಿ ಗಾಜಿಗೆ ಹಿಡಿದೆ. 43! ತಾಪ ನೋಡಿ ಮ್ಯಾಟನ್ನು ಆನ್-ಆಫ್ ಮಾಡುವ ಥರ್ಮೋಸ್ಟಾಟ್ ಕೆಟ್ಟಿರಲಿಲ್ಲ. ನಾನು ಅದರ ಪ್ರೋಬನ್ನು, ಅಂದರೆ ತಾಪ ಅಳೆಯುವ ತಂತಿಯ ತುದಿಯನ್ನು, ಗಾಳಿಯಲ್ಲಿ ನೇತುಹಾಕಿದ್ದೆ. ಗಾಳಿ ಸಾಕಷ್ಟು ಬಿಸಿಯಾಗುತ್ತಿರಲಿಲ್ಲ, ಹಾಗಾಗಿ ಮ್ಯಾಟ್ ಆಫ್ ಆಗುತ್ತಲೇ ಇರಲಿಲ್ಲ. ಹೊಟ್ಟೆ ಸುಡದೆ ಉಳಿದದ್ದು ಮರಿಯ ಪುಣ್ಯ.

ಆ ಗಾಬರಿಯಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಪ್ರೋಬನ್ನು ಮ್ಯಾಟಿನ ಮೇಲಿನ ಗಾಜಿಗೆ ಅಂಟು ಟೇಪಿನಿಂದ ಒಳಗೇ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಟೇಪಿನ ಅಂಚು ಎದ್ದಿದೆ, ಮರಿಯ ಅರ್ಧ ಮೈ ಅದಕ್ಕೆ ಅಂಟಿದೆ. ಎಳೆಯಬಾರದು ಅಂತ ಗೊತ್ತಿತ್ತು. ಅಡುಗೆ ಎಣ್ಣೆಯಲ್ಲಿ ಹತ್ತಿ ಅದ್ದಿ, ಟೇಪಿನ ಅಂಚಿನಿಂದ ಒಂದೊಂದು ಹುರುಪೆಗೂ ಎಣ್ಣೆ ಇಳಿಸುತ್ತಾ, ಬಿಟ್ಟಷ್ಟನ್ನೇ ಬಿಡಿಸುತ್ತಾ ಹೋದೆ. 40 ನಿಮಿಷ ಹಿಡಿಯಿತು. ಮರಿ ಒಮ್ಮೆಯೂ ಕಚ್ಚಲಿಲ್ಲ, ನನ್ನ ಹೆಬ್ಬೆರಳಿಗೆ ಸುತ್ತಿಕೊಂಡು ಸುಮ್ಮನಿತ್ತು. ಪಕ್ಕೆಯ ಐದಾರು ಹುರುಪೆ ಕಿತ್ತುಬಂದವು. ಎರಡು ಪೊರೆ ಬಿಟ್ಟ ಮೇಲೆ ಕಲೆಯೂ ಇಲ್ಲ. ಅವತ್ತಿನಿಂದ ಹಾವಿನ ಪೆಟ್ಟಿಗೆಯೊಳಗೆ ಟೇಪ್ ಅನ್ನೋ ಮಾತೇ ಇಲ್ಲ. ನೀವೂ ದಯವಿಟ್ಟು ಬಳಸಬೇಡಿ.

ಆಮೇಲೆ ಅದು ಸತತ ಮೂರು ಬಾರಿ ಊಟ ಬಿಟ್ಟಿತು. ತಾಪ ಸರಿ ಇತ್ತು, ಬಿಸಿ ಕಡೆ ಒಂದು, ತಂಪು ಕಡೆ ಒಂದು ಹೈಡ್, ಅಂದರೆ ಅಡಗಿಕೊಳ್ಳುವ ಗೂಡು, ಇತ್ತು. ಏನೂ ತೋಚದೆ ಒಂದು ರಾತ್ರಿ ರಟ್ಟಿನ ಕೊಳವೆ, ಮುದುಡಿದ ಕಾಗದ, ಪ್ಲಾಸ್ಟಿಕ್ ಬಳ್ಳಿ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿದೆ. ನೆಲವೇ ಕಾಣಲಿಲ್ಲ. ಎರಡು ದಿನ ಬಿಟ್ಟು ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ, ಇಟ್ಟೆ. ಬೆಳಿಗ್ಗೆ ಇರಲಿಲ್ಲ! ದೊಡ್ಡ ಪೆಟ್ಟಿಗೆಯ ಧೈರ್ಯ ಬಂದದ್ದು ಅಲ್ಲಿಂದ.

ಹಳೆಯ ಪುಸ್ತಕದ ಕಪಾಟನ್ನು ಅಡ್ಡ ಮಲಗಿಸಿ ಪೆಟ್ಟಿಗೆ ಮಾಡಿದೆ. ಒಳಗೆ ಮೊದಲು ಬಳಿದ ಎಣ್ಣೆ ಬಣ್ಣದ ವಾಸನೆ ಒಂದು ತಿಂಗಳಾದರೂ ಹೋಗಲಿಲ್ಲ. ಅದನ್ನೆಲ್ಲ ಉಜ್ಜಿ ತೆಗೆದು, ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ಮೂರು ಕೈ ಬಳಿದು, ಮೂರು ವಾರ ಬಾಗಿಲು ತೆರೆದೇ ಇಟ್ಟೆ. ದಪ್ಪ ಮರದ ಕೆಳಗೆ ಹೀಟ್ ಮ್ಯಾಟ್ ಇಟ್ಟರೆ ಪ್ರಯೋಜನ ಇಲ್ಲ, ಬಿಸಿ ಮೇಲೆ ಬರಲ್ಲ. ಹಾಗಾಗಿ ಮೇಲಿನಿಂದ ಸೆರಾಮಿಕ್ ಹೀಟರ್, ಅದಕ್ಕೆ ತಂತಿಯ ಪಂಜರ, ಒಳ್ಳೆಯ ಥರ್ಮೋಸ್ಟಾಟ್. ಈಗ ಹೀಟರಿನ ಕೆಳಗೆ 30–31, ಆ ತುದಿಯಲ್ಲಿ 23–24.

ಖರ್ಚಿನ ಲೆಕ್ಕ ಹೀಗಿದೆ. ಹಾವಿನ ಬೆಲೆ ಒಂದು ಪಾಲು ಅಂತಿಟ್ಟುಕೊಳ್ಳಿ. ಈಗ ಮೂಲೆಯಲ್ಲಿರುವ ಗಾಜಿನ ತೊಟ್ಟಿ ಮತ್ತು ಅದರ ಸರಂಜಾಮಿಗೆ ಎರಡು ಪಾಲು. ಮರದ ಪೆಟ್ಟಿಗೆಗೆ ಎರಡೂವರೆ, ಅದರಲ್ಲಿ ಥರ್ಮೋಸ್ಟಾಟಿಗೇ ಹತ್ತಿರಹತ್ತಿರ ಒಂದು. ಅದರಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ.

ತುಂಬಿಸುವುದೇ ನಿಜವಾದ ಕೆಲಸ. ತೆಂಗಿನ ನಾರಿನ ಪುಡಿ ಮತ್ತು ಆಸ್ಪೆನ್ ಮರದ ಹೊಟ್ಟು ಬೆರೆಸಿ 8 ಸೆಂಟಿಮೀಟರಿನಷ್ಟು ಹಾಸಿದ್ದೇನೆ. ಪಾಲು ಎಷ್ಟೆಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ಸರಿಹೋಗೋಕೆ ನಾಲ್ಕು ಚೀಲ ಹಾಳಾಗಿವೆ. ಅದರ ಮೇಲೆ ಕುದಿಸಿ ಒಣಗಿಸಿದ ಎಲೆ, ಕಾರ್ಕ್ ತೊಗಟೆ, ಕೊಂಬೆಗಳು, ಮೈಗೆ ಒತ್ತುವಷ್ಟು ಇಕ್ಕಟ್ಟಾದ ಆರು ಹೈಡ್. ತುಂಬಿದ ಮೇಲೆ ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತೇನೆ. ಅಂಗೈ ಅಗಲದ ಬಯಲು ಕಂಡರೂ ಅಲ್ಲಿಗೆ ಇನ್ನೊಂದು ತೊಗಟೆ. ಈ ತುದಿಯಿಂದ ಆ ತುದಿಗೆ ಹಾವು ಮರೆಯಲ್ಲೇ ಹೋಗುವಂತಿರಬೇಕು.

ಎರಡು ತಿಂಗಳು ರಾತ್ರಿ 10ಕ್ಕೆ ಮತ್ತು ಬೆಳಿಗ್ಗೆ 6ಕ್ಕೆ ಅದು ಎಲ್ಲಿದೆ ಅಂತ ಬರೆದಿಟ್ಟೆ. ದುಡ್ಡು ಕೊಟ್ಟು ತಂದ ಕಲ್ಲಿನಂಥ ಗುಹೆಯಲ್ಲಿ ಕಂಡದ್ದು ಏಳೆಂಟು ಸಲ. ಅರ್ಧಕ್ಕಿಂತ ಜಾಸ್ತಿ ಸಲ ಎಲೆಗಳ ಕೆಳಗೆ, ಅದೂ ಬಿಸಿ ಮುಗಿದು ತಂಪು ಶುರುವಾಗುವ ನಡುವಿನ ಜಾಗದಲ್ಲಿ. ಹೆಚ್ಚಿನವರು ಆ ನಡುವಿನ ಜಾಗವನ್ನೇ ಖಾಲಿ ಬಿಡುತ್ತಾರೆ, ಅಲ್ವಾ?

ನೀರಿನ ಬಟ್ಟಲನ್ನು ಬಿಸಿ ಕಡೆಗೂ ಇಟ್ಟು ನೋಡಿದೆ. ತೇವಾಂಶ ಶೇಕಡಾ 45ರಿಂದ 65ಕ್ಕೆ ಏರಿತು. ವಾರದೊಳಗೆ ಗಾಜಿನ ಮೇಲೆ ಹನಿ, ಹಾಸಿನಲ್ಲಿ ಮುಗ್ಗಲು ವಾಸನೆ. ಬಟ್ಟಲು ಮತ್ತೆ ತಂಪಿನ ಕಡೆಗೆ ಹೋಯಿತು. ಪೊರೆಯ ಸಮಯಕ್ಕೆ ಒದ್ದೆ ಪಾಚಿ ತುಂಬಿದ ಒಂದು ಡಬ್ಬಿ ಸಾಕು. ಈವರೆಗೆ ಪೊರೆ ಒಂದೇ ತುಂಡಾಗಿ ಬಂದಿದೆ, ಕಣ್ಣಿನ ಮೇಲಿನದೂ ಸೇರಿ.

ಒಮ್ಮೆ ತಪ್ಪಿಸಿಕೊಂಡಿತ್ತು ಕೂಡ. ಪೆಟ್ಟಿಗೆಯ ಬಾಗಿಲಿನ ಎರಡು ಜಾರು ಗಾಜುಗಳು ಒಂದರ ಮೇಲೊಂದು ಬರುವಲ್ಲಿ ಒಂದು ಸಂದು ಉಳಿಯುತ್ತದೆ. ಪೆನ್ಸಿಲ್ ಕೂಡ ತೂರದಷ್ಟು ಸಣ್ಣದು. ತಲೆ ತೂರಿದರೆ ಮೈ ತೂರುತ್ತೆ. ಎಲ್ಲಾ ಬಾಗಿಲುಗಳ ಹೊಸ್ತಿಲಿಗೆ ಹಿಟ್ಟು ಉದುರಿಸಿ ಕಾದೆ. ನಾಲ್ಕನೇ ರಾತ್ರಿ ಅಡುಗೆಮನೆಯ ಹಿಟ್ಟಿನಲ್ಲಿ ದಾರ ಎಳೆದ ಹಾಗೆ ಒಂದು ಗೆರೆ ಇತ್ತು. ಅದನ್ನೇ ಹಿಡಿದು ಹೋದರೆ ಫ್ರಿಜ್ಜಿನ ಹಿಂದೆ, ಮೋಟರಿನ ಬಿಸಿಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಆ ಸಂದನ್ನು ಈಗ ಮುಚ್ಚಿದ್ದೇನೆ. ಗಾಜು ಜಾರುವುದಕ್ಕೂ ಅಡ್ಡಿಯಾಗದ, ಮರಿಗೂ ದಾರಿ ಕೊಡದ ಆ ಪಟ್ಟಿಯನ್ನು ಯಾವುದರಿಂದ ಮಾಡಿದೆ ಅನ್ನೋದನ್ನು ಇನ್ನೊಂದು ವರ್ಷ ಪರೀಕ್ಷಿಸಿದ ಮೇಲೆ ಹೇಳುತ್ತೇನೆ.

ಗೆಳೆಯ ಹೋದ ವಾರ ಬಂದಿದ್ದ. ಹತ್ತು ನಿಮಿಷ ಹುಡುಕಿದರೂ ಹಾವು ಕಾಣಲಿಲ್ಲ. "ಇದೆಯೇನೋ ಒಳಗೆ?" ಅಂದ. ದೀಪ ಆರಿಸಿ ಇಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಎಲೆ ಅಲುಗಿತು. ಮೊದಲು ನಾಲಿಗೆ, ಆಮೇಲೆ ತಲೆ, ಆಮೇಲೆ ಕಿತ್ತಳೆ ಬಣ್ಣದ ಇಡೀ ಮೈ ಕೊಂಬೆಗೆ ಏರಿತು. ತಿಂಗಳ ಕೊನೆಗೆ ಆ ಎತ್ತರದಲ್ಲಿ ಒಂದು ಅಟ್ಟ ಕಟ್ಟಬೇಕು, ಮೇಲಿನ ಅರ್ಧ ಪೆಟ್ಟಿಗೆ ಇನ್ನೂ ಖಾಲಿಯೇ ಇದೆ.