ಹಗ್ಗದ ಜಾಡು ಹಿಡಿದು: ‘ಬ್ರಿಡ್ಜ್ ಟು ಟೆರಾಬಿಥಿಯಾ’ ಚಿತ್ರವನ್ನು ತರಗತಿಯಲ್ಲಿ ಓದಿಸುವ ಬಗೆ

ಸಂಕೇತ ಎಂದರೇನೆಂದು ಚಿತ್ರದುರ್ಗದ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒನಕೆ ಕಾಳು ಕುಟ್ಟುವ ಸಾಧನ. ಆದರೆ ಕೋಟೆಯ ಕಿಂಡಿಯ ಬಳಿ ಓಬವ್ವ ಅದನ್ನು ಎತ್ತಿಕೊಂಡ ಮೇಲೆ ಈ ಊರಿನಲ್ಲಿ ಅದು ಬರಿಯ ಒನಕೆಯಾಗಿ ಉಳಿದಿಲ್ಲ. 2007ರಲ್ಲಿ ತೆರೆಕಂಡ ಈ ಚಿತ್ರವನ್ನು ಪ್ರೌಢಶಾಲೆಯಲ್ಲಿ ಪಾಠಕ್ಕೆ ತೆಗೆದುಕೊಳ್ಳುವಾಗ ನಾನೂ ಒಂದು ವಸ್ತುವಿನಿಂದಲೇ, ಅಂದರೆ ಹಳ್ಳದ ಮೇಲೆ ಇಳಿಬಿದ್ದ ಹಗ್ಗದಿಂದಲೇ ಆರಂಭಿಸುತ್ತೇನೆ. ಕಥಾವಸ್ತು, ಪಾತ್ರ, ದೇಶಕಾಲ ಎಂದು ಬೋರ್ಡಿನ ಮೇಲೆ ಮೊದಲೇ ಬರೆದುಬಿಟ್ಟರೆ ಮಕ್ಕಳು ಉತ್ತರ ಹುಡುಕುತ್ತಾರೆಯೇ ಹೊರತು ಚಿತ್ರ ನೋಡುವುದಿಲ್ಲ.

ಚಿತ್ರ ಸುಮಾರು ಒಂದೂವರೆ ಗಂಟೆಯದು. ಮೂರು ಪೀರಿಯಡ್ಡುಗಳಿಗೆ ಹಂಚಿಕೊಳ್ಳಿ. ಹಗ್ಗ ಕಾಣಿಸಿದಾಗಲೆಲ್ಲ ಅದನ್ನು ಯಾರು ಹಿಡಿದಿದ್ದಾರೆ, ಹಳ್ಳದಲ್ಲಿ ನೀರೆಷ್ಟಿದೆ ಎಂಬ ಎರಡೇ ಸಂಗತಿಗಳನ್ನು ಗುರುತು ಹಾಕಿಕೊಳ್ಳಲು ಹೇಳಿ. ಗೆಳೆಯರಾದ ಜೆಸ್ ಎಂಬ ಹುಡುಗ ಮತ್ತು ಲೆಸ್ಲಿ ಎಂಬ ಹುಡುಗಿಯನ್ನು, ಹಳ್ಳದಾಚೆಯ ಕಾಡಿನಲ್ಲಿ ಅವರೇ ಕಲ್ಪಿಸಿಕೊಂಡ ಟೆರಾಬಿಥಿಯಾ ರಾಜ್ಯಕ್ಕೆ ದಾಟಿಸುವ ಹಗ್ಗವೇ ಮಳೆ ಸುರಿದು ಹಳ್ಳ ತುಂಬಿದ ಮೇಲೂ ಅಲ್ಲೇ ತೂಗುತ್ತಿರುವುದನ್ನು ಮಕ್ಕಳು ತಾವಾಗಿಯೇ ಬರೆದುಕೊಂಡಿರುತ್ತಾರೆ. ‘ಮುನ್ಸೂಚನೆ’ ಎಂಬ ಪದವನ್ನು ಆಗ ಕೊಡಿ.

ದೇಶಕಾಲಕ್ಕೆ ಕೋಟೆಯ ಬಂಡೆಗಳೇ ಸಾಕು. ಯಾವ ಬಂಡೆ ಯಾವ ಪ್ರಾಣಿಯಂತೆ ಕಾಣುತ್ತದೆ ಎಂದು ಕೇಳಿದರೆ ತರಗತಿಯೇ ಒಂದು ರಾಜ್ಯವನ್ನು ಕಟ್ಟಿಬಿಡುತ್ತದೆ. ಅದಾದ ಮೇಲೆ ಕಾಡಿನ ದೈತ್ಯ ರಾಕ್ಷಸಿಗೂ ಶಾಲೆಯಲ್ಲಿ ಕಾಡುವ ಜಾನಿಸ್‌ಗೂ ಇರುವ ಹೋಲಿಕೆಯನ್ನು ತೋರಿಸಿ. ಇಲ್ಲಿಯ ಕಲ್ಪನೆ ಬದುಕಿನಿಂದ ಓಡಿಹೋಗುವ ದಾರಿಯಲ್ಲ, ಭಯವನ್ನು ಎದುರಿಸುವ ಅಭ್ಯಾಸ ಎಂಬುದು ತಿಳಿಯುತ್ತದೆ.

ಹೆಚ್ಚಿನ ಸಮಯವನ್ನು ನಿರೂಪಣೆಯ ದೃಷ್ಟಿಕೋನಕ್ಕೆ ಮೀಸಲಿಡಿ. ಸಂಗೀತ ಶಿಕ್ಷಕಿಯೊಡನೆ ವಸ್ತುಸಂಗ್ರಹಾಲಯಕ್ಕೆ ಹೊರಟ ಜೆಸ್, ಲೆಸ್ಲಿಯನ್ನೂ ಕರೆಯೋಣವೆಂದು ಹೇಳುವುದಿಲ್ಲ. ಸಂತೋಷದಿಂದ ಮನೆಗೆ ಮರಳಿದಾಗ ಹಗ್ಗ ತುಂಡಾಗಿ ಲೆಸ್ಲಿ ಹಳ್ಳದಲ್ಲಿ ತೀರಿಕೊಂಡ ಸುದ್ದಿ ಅವನಿಗಾಗಿ ಕಾದಿರುತ್ತದೆ. ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸಾರ್, ಹಗ್ಗ ತುಂಡಾಗೋದನ್ನ ತೋರಿಸಲೇ ಇಲ್ಲವಲ್ಲ?” ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಇಡೀ ಒಂದು ಪೀರಿಯಡ್ ಕೊಟ್ಟೆ. ಜೆಸ್ ಅಲ್ಲಿರಲಿಲ್ಲ, ಆದ್ದರಿಂದ ನಾವೂ ಅಲ್ಲಿಲ್ಲ. ಅವನ ಅಪರಾಧಪ್ರಜ್ಞೆ ಪ್ರೇಕ್ಷಕರಿಗೂ ಅಂಟುವುದು ಈ ನಿರೂಪಣೆಯಿಂದಲೇ.

ಮೂಲ ಕಾದಂಬರಿಯ ವಿಷಯವನ್ನು ಇದಾದ ನಂತರವೇ ಹೇಳಿ. ಅದನ್ನು ಬರೆದ ಕ್ಯಾಥರೀನ್ ಪ್ಯಾಟರ್ಸನ್ ಅವರ ಮಗನ ಗೆಳತಿ 1974ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. 1977ರಲ್ಲಿ ಕಾದಂಬರಿ ಪ್ರಕಟವಾಯಿತು. ಮುಂದೆ ಚಿತ್ರಕಥೆಯ ರಚನೆಯಲ್ಲಿ ಆ ಮಗ ಡೇವಿಡ್ ಅವರೇ ಪಾಲ್ಗೊಂಡರು. ಸಿಡಿಲಿನ ಜಾಗದಲ್ಲಿ ಹಗ್ಗ ಏಕೆ ಬಂತು ಎಂದು ಮಕ್ಕಳನ್ನು ಕೇಳಿ. ಸಿಡಿಲು ಯಾರ ಕೈಯಲ್ಲೂ ಇಲ್ಲ, ಹಗ್ಗವನ್ನಾದರೋ ಇಬ್ಬರೂ ದಿನವೂ ಹಿಡಿದವರು ಎಂಬ ಉತ್ತರ ಯಾರಿಂದಲಾದರೂ ಬರುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಮನೆಯಲ್ಲಿ ಸಾವು ಕಂಡ ಮಗು ತರಗತಿಯಲ್ಲಿದ್ದರೆ ಕಥೆಯ ತಿರುವನ್ನು ಮುಂಚೆಯೇ ತಿಳಿಸಿ, ಹೊರಗೆ ಕೂರಲು ಬಿಡಿ, ಅದರ ಅನುಭವವನ್ನು ಎಲ್ಲರೆದುರು ಕೆದಕಬೇಡಿ.

ಕೊನೆಗೆ ಜೆಸ್ ಸೇತುವೆ ಕಟ್ಟಿ ತಂಗಿ ಮೇ ಬೆಲ್‌ಳನ್ನು ಆಚೆಗೆ ಕರೆದೊಯ್ಯುವ ದೃಶ್ಯವನ್ನು ಎರಡು ಬಾರಿ ತೋರಿಸಿ. ಹಗ್ಗದ ಮೇಲೆ ಒಂದು ಸಲಕ್ಕೆ ಒಬ್ಬರೇ ದಾಟಬಹುದು, ಸೇತುವೆಯ ಮೇಲೆ ಕೈ ಹಿಡಿದು ನಡೆಯಬಹುದು. ಈ ವ್ಯತ್ಯಾಸವನ್ನು ನೀವು ಹೇಳಿಕೊಡಬೇಡಿ. ಮೇ ಬೆಲ್ ತನ್ನ ಮಾತಿನಲ್ಲಿ ಹೇಳುವಂತೆ ಹತ್ತು ವಾಕ್ಯ ಬರೆಯಲು ಹೇಳಿ, ಪುಸ್ತಕಗಳನ್ನು ಮನೆಗೊಯ್ದು ನಿಧಾನವಾಗಿ ಓದಿ.