1,40,000 ಕಿ.ಮೀ. ಓಡಿದ ಕಾರಿನ ಸರ್ವಿಸ್: ಪಟ್ಟಿಯನ್ನು ನಾನೇ ತಿದ್ದಿದ ಬಗೆ

ನಮ್ಮ ಪೆಟ್ರೋಲ್ ಕಾರು 1,40,000 ಕಿ.ಮೀ. ದಾಟಿದಾಗ, ತುಮಕೂರಿನ ಸರ್ವಿಸ್ ಕೇಂದ್ರವೊಂದರಲ್ಲಿ 23,500 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಎಂಜಿನ್ ಫ್ಲಶಿಂಗ್ (ಒಳಗಿನ ಹಳೆಯ ಜಿಡ್ಡನ್ನು ತೊಳೆಯುವುದು), ತಳಭಾಗದ ಲೇಪನ, ಒಳಾಂಗಣದ ಶುಚಿ ಎಲ್ಲವೂ ಅದರಲ್ಲಿದ್ದವು. ಬ್ರೇಕ್ ಆಯಿಲ್, ಎಂಜಿನ್ ಅನ್ನು ತಂಪಾಗಿಡುವ ಕೂಲಂಟ್, ಗೇರ್ ಆಯಿಲ್‌ಗಳ ಪ್ರಸ್ತಾಪವೇ ಇರಲಿಲ್ಲ.

ಒಪ್ಪಿಗೆ ಕೊಡದೆ ಮನೆಗೆ ಬಂದು, ಕಾರಿನ ಕೈಪಿಡಿಯನ್ನೂ ಹಳೆಯ ಬಿಲ್ಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಬ್ರೇಕ್ ಆಯಿಲ್ ಬದಲಿಸಿ ನಾಲ್ಕು ವರ್ಷಗಳಾಗಿದ್ದುದು ತಿಳಿದು ನಿಜಕ್ಕೂ ಆತಂಕವಾಯಿತು. ಈ ದ್ರವ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುವುದರಿಂದ, ಶಿರಾಡಿಯಂಥ ಘಾಟಿಯನ್ನು ಇಳಿಯುವಾಗ ಬ್ರೇಕ್ ವಿಪರೀತ ಕಾದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳೆದ್ದು ಪೆಡಲ್ ಮೆತ್ತಗಾಗಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ವರ್ಷಕ್ಕೆರಡು ಬಾರಿ ಮಂಗಳೂರಿಗೆ ಹೋಗುವ ನಮಗೆ ಇದು ಸಣ್ಣ ಮಾತಲ್ಲ.

ಮರುದಿನ ಪರಿಚಿತ ಮೆಕ್ಯಾನಿಕ್ ಬಳಿ ನಾಲ್ಕೂ ಚಕ್ರಗಳನ್ನು ಬಿಚ್ಚಿಸಿದೆ. ಮುಂದಿನ ಬ್ರೇಕ್ ಪ್ಯಾಡ್‌ಗಳು 3 ಮಿ.ಮೀ.ಗಿಂತ ತೆಳುವಾಗಿದ್ದವು, ಎಡಗಡೆಯ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್ ಎಂಬ ತೋಳಿನ ಕೀಲಿನಲ್ಲಿರುವ ಬುಷ್‌ನ ರಬ್ಬರನ್ನು ಬೆರಳಿನಿಂದ ಒತ್ತಿದರೆ ಬಿರುಕು ಬಾಯ್ತೆರೆಯುತ್ತಿತ್ತು. ನಮ್ಮ ಎಂಜಿನ್‌ನಲ್ಲಿರುವುದು ಕವಾಟಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಆದ್ದರಿಂದ, ಕೆಲವು ಕಾರುಗಳಲ್ಲಿ ಅದರ ಬದಲು ಇರುವ ರಬ್ಬರ್ ಬೆಲ್ಟಿನ ಖರ್ಚು ಬರಲಿಲ್ಲ. ಬೆಲ್ಟ್ ಇರುವವರು ಕೈಪಿಡಿ ಹೇಳಿದ ಅವಧಿಯನ್ನು ಖಂಡಿತ ಮೀರಬಾರದು.

ಎಂಜಿನ್ ಆಯಿಲ್, ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್, ಮೂರೂ ದ್ರವಗಳು, ಪ್ಯಾಡ್, ಬುಷ್ ಎಲ್ಲ ಸೇರಿ, ಕೂಲಿಯೂ ಒಳಗೊಂಡಂತೆ 12,400 ರೂಪಾಯಿ ಆಯಿತು. ತೆಗೆದ ಬಿಡಿಭಾಗಗಳನ್ನು ಕೇಳಿ ಪಡೆದು, ಬದಲಿಸಿದ ದಿನಾಂಕ ಮತ್ತು ಕಿ.ಮೀ.ಗಳನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.