ದಿನಕ್ಕೊಂದು ಹೊಸ ನೆಲ: ಎಳೆಯುವ ಗೂಡಿನಲ್ಲಿ ಮರಿ ಸಾಕಿದ ನನ್ನ ಅನುಭವ

ಹದಿನಾರು ಮರಿಗಳು, ತಾಯಿ ಕೋಳಿ ಇಲ್ಲ. ಹಾಗಾಗಿ ಮೊದಲ ಎರಡು ವಾರ ಅವು ಒಳಗೇ, ಬಲ್ಬಿನ ಕಾವಿನಲ್ಲೇ ಬೆಳೆದವು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ಇಟ್ಟಿದ್ದೆ. ಆದರೆ ಎರಡೇ ದಿನಕ್ಕೆ ಅದಕ್ಕಿಂತ ಹೆಚ್ಚಾಗಿ ಮರಿಗಳನ್ನೇ ನೋಡತೊಡಗಿದೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ರೆಕ್ಕೆ ಅಗಲಿಸಿ, ಬಾಯಿ ಬಿಟ್ಟುಕೊಂಡು ದೂರದ ಮೂಲೆ ಸೇರಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರೆ ಹದವಾಗಿದೆ ಎಂದರ್ಥ.

ಆ ಎರಡು ವಾರದಲ್ಲಿ, ದಿನಾ ಹೊಸ ಹುಲ್ಲಿನ ಮೇಲಕ್ಕೆ ಎಳೆದು ಇಡುವಂಥ ಗೂಡು ಕಟ್ಟಿದೆ. 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರ, ತಳವಿಲ್ಲ. ಮೂರನೇ ಒಂದು ಭಾಗಕ್ಕೆ ಹಲಗೆ ಹೊಡೆದು ಕತ್ತಲೆ ಕೋಣೆ ಮಾಡಿದೆ, ಉಳಿದದ್ದಕ್ಕೆ ಜಾಲರಿ. ಮೊದಲು ಕಟ್ಟಿದ್ದು ದಪ್ಪ ಮರದ್ದು, ಗಟ್ಟಿಮುಟ್ಟಾಗಿತ್ತು. ಆದರೆ ಒಬ್ಬಳೇ ಎಳೆಯಲು ಹೋದಾಗ ಒಂದು ಗೇಣೂ ಅಲುಗಲಿಲ್ಲ. ದಿನಾ ಎಳೆಯಬೇಕಾದ ಗೂಡು ಹಗುರವಾಗಿಲ್ಲದಿದ್ದರೆ ನಾಲ್ಕನೇ ದಿನಕ್ಕೆ ಅದು ನಿಂತಲ್ಲೇ ನಿಲ್ಲುತ್ತದೆ. ಬಿಚ್ಚಿ, ತೆಳುವಾದ ರೀಪಿನಲ್ಲಿ ಮತ್ತೆ ಕಟ್ಟಿ, ಹಿಂದೆ ಎರಡು ಚಕ್ರ, ಮುಂದೆ ಒಂದು ಹಗ್ಗ ಹಾಕಿದೆ.

ಜಾಲರಿಯ ವಿಷಯದಲ್ಲಿ ಮಾತ್ರ ನನ್ನ ತಪ್ಪಿಗೆ ಮರಿಗಳು ಬೆಲೆ ತೆತ್ತವು. ಷಟ್ಕೋನ ಕಣ್ಣಿನ ಸಾಮಾನ್ಯ ಕೋಳಿ ಜಾಲರಿ ಹಾಕಿದ್ದೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ಹೊರಗಿನದನ್ನು ತಡೆಯುವುದಿಲ್ಲ. ಒಂದು ಬೆಳಗ್ಗೆ ಬೆಕ್ಕು ಪಂಜ ತೂರಿಸಿ ಎರಡು ಮರಿಗಳನ್ನು ಜಾಲರಿಗೆ ಎಳೆದು ಕೊಂದಿತ್ತು. ಒಯ್ಯಲು ಆಗಿರಲಿಲ್ಲ, ಅಲ್ಲೇ ಬಿದ್ದಿದ್ದವು. ಅದೇ ದಿನ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ತಂದು ಸುತ್ತಲೂ ಹೊಡೆದೆ. ಇಲಿ ಮಣ್ಣು ಕೆದಕಿ ನುಗ್ಗದಂತೆ ಬುಡದಲ್ಲಿ ಹೊರಕ್ಕೆ ಒಂದು ಅಡಿ ಅಗಲದ ಜಾಲರಿ ಪಟ್ಟಿಯನ್ನು ನೆಲಕ್ಕೆ ಒರಗಿಸಿದೆ. ಪಟ್ಟಿಗೆ ಕೀಲು (ಹಿಂಜ್) ಇದ್ದರೆ ಎಳೆಯುವಾಗ ಅದನ್ನು ಮಡಚಬಹುದು. ನೆಲ ಏರುಪೇರಿದ್ದ ಕಡೆ ಅಂಚಿನಡಿ ಬೆರಳು ತೂರಿದರೂ ಸಾಕು, ಅಲ್ಲಿ ಕಲ್ಲು ಒತ್ತಿಡುತ್ತಿದ್ದೆ.

ಮೂರನೇ ವಾರ ಬಿಸಿಲು ಏರಿದ ಮೇಲೆ, ಗಾಳಿ ಇಲ್ಲದ ಹೊತ್ತಲ್ಲಿ ಎರಡೆರಡು ಗಂಟೆ ಹೊರಗೆ ಬಿಟ್ಟೆ. ಮೊದಲ ದಿನ ಹುಲ್ಲಿನ ಮೇಲೆ ಇಟ್ಟೊಡನೆ ಎಲ್ಲವೂ ಒಂದು ಕ್ಷಣ ಕಲ್ಲಾದವು. ಆಮೇಲೆ ಒಂದು ಮರಿ ಬಗ್ಗಿ, ಒಂದು ಹುಲ್ಲೆಸಳನ್ನು ಕಚ್ಚಿ ಎಳೆಯಿತು. ಎಸಳು ಬರಲಿಲ್ಲ. ಹಿಂದಕ್ಕೆ ಕಾಲೂರಿ ಮತ್ತೆ ಎಳೆಯಿತು, ತುಂಡಾಯಿತು, ಮರಿ ಹಿಂದಕ್ಕೆ ಕೂತುಬಿಟ್ಟಿತು. ಅಷ್ಟರಲ್ಲಿ ಉಳಿದವೆಲ್ಲ ಕೆದಕಲು ಶುರುಮಾಡಿದ್ದವು. ಯಾರೂ ಕಲಿಸಿರಲಿಲ್ಲ. ಎರಡು ಸಲ ಹಿಂದಕ್ಕೆ ಕೆದಕು, ಒಂದು ಹೆಜ್ಜೆ ಹಿಂದೆ ಸರಿ, ನೋಡು. ದೊಡ್ಡ ಕೋಳಿಗಳದ್ದೇ ಲಯ. ಹುಲ್ಲು, ಹುಳ ತಿನ್ನಲು ಶುರುಮಾಡಿದ ಮೇಲೆ ಅದನ್ನು ಹೊಟ್ಟೆಯೊಳಗೆ ಅರೆಯಲು ಸಣ್ಣ ಹರಳು ಬೇಕು, ಒಂದು ಬಟ್ಟಲು ಒರಟು ಮರಳು ಇಟ್ಟೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ, ಮರಿ ಮುಗ್ಗರಿಸಿದರೆ ಮುಳುಗುವಷ್ಟು ನೀರು ನಿಲ್ಲಬಾರದು.

ಗೂಡು ಎಳೆಯುವುದು ಒಂದು ಕಲೆ. ಶುರುವಿನಲ್ಲಿ ಒಂದೇ ಸಲಕ್ಕೆ ಎಳೆದುಬಿಟ್ಟೆ, ಹಿಂದುಳಿದ ಒಂದು ಮರಿಯ ಕಾಲು ಹಿಂಭಾಗದ ಚೌಕಟ್ಟಿನಡಿ ಸಿಕ್ಕಿತು. ಆ ಕೂಗು ಈಗಲೂ ಕಿವಿಯಲ್ಲಿದೆ. ಅದೃಷ್ಟಕ್ಕೆ ಮಣ್ಣು ಮೆತ್ತಗಿತ್ತು, ಮೂಳೆ ಮುರಿಯಲಿಲ್ಲ. ಅವತ್ತೇ ಹಿಂಭಾಗದ ಒಳಗೆ, ಚೌಕಟ್ಟಿಗಿಂತ ಒಂದು ಗೇಣು ಮುಂದೆ, ಗೋಣಿಚೀಲದ ಪರದೆ ನೇತುಹಾಕಿದೆ. ಗೂಡು ಚಲಿಸಿದಂತೆ ಗೋಣಿ ಬೆನ್ನಿಗೆ ತಾಗಿ ಮರಿಗಳನ್ನು ಮುಂದಕ್ಕೆ ನಡೆಸುತ್ತದೆ. ಒಂದು ಅಡಿ ಎಳೆ, ನಿಲ್ಲು, ನೋಡು, ಮತ್ತೆ ಒಂದು ಅಡಿ. ಬೆಳಗಿನ ಆಹಾರವನ್ನು ಎಳೆದ ಮೇಲೆಯೇ ಹಾಕುತ್ತಿದ್ದೆ. ವಾರ ಕಳೆಯುವುದರೊಳಗೆ ಹಗ್ಗ ಮುಟ್ಟಿದರೆ ಸಾಕು, ಎಲ್ಲವೂ ಮುಂಭಾಗಕ್ಕೆ ಓಡಿ ಬರುತ್ತಿದ್ದವು.

ಹೊಸ ಹುಲ್ಲಿಗಾಗಿ ಮಾತ್ರ ದಿನಾ ಎಳೆಯಬೇಕು ಎಂದುಕೊಂಡಿದ್ದೆ. ಅದು ತಪ್ಪು ಎಂದು ಐದನೇ ವಾರದ ಮಳೆ ಕಲಿಸಿತು. ಮೂರು ದಿನ ಬಿಡದೆ ಸುರಿಯಿತು, ತಾಡಪಾಲು ಹೊದಿಸಿ ಗೂಡನ್ನು ಒಂದೇ ಕಡೆ ಬಿಟ್ಟೆ. ಒಂದೆರಡು ದಿನ ಕಳೆದ ಮೇಲೆ ಹಿಕ್ಕೆಯಲ್ಲಿ ರಕ್ತ ಕಂಡಿತು. ಎರಡು ಮರಿಗಳು ಪುಕ್ಕ ಕೆದರಿಕೊಂಡು, ಕಣ್ಣು ಮುಚ್ಚಿ ಕುಗ್ಗಿ ಕೂತಿದ್ದವು. ಕಾಕ್ಸಿಡಿಯೋಸಿಸ್, ಕರುಳಿನ ಪರಾವಲಂಬಿ ಜೀವಿಯಿಂದ ಬರುವ ರಕ್ತಭೇದಿ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಕೋಶಗಳು ತೇವ, ಬೆಚ್ಚನೆ ಇದ್ದರೆ ಒಂದೆರಡು ದಿನದಲ್ಲಿ ರೋಗ ಹರಡಲು ಸಿದ್ಧವಾಗುತ್ತವೆ. ಅಷ್ಟರೊಳಗೆ ಗೂಡು ಜಾಗ ಬಿಟ್ಟಿದ್ದರೆ ಮರಿಯ ಹೊಟ್ಟೆ ಸೇರುವುದು ಅಲ್ಪಸ್ವಲ್ಪ ಮಾತ್ರ, ಅದರಿಂದ ಮರಿಗೆ ನಿರೋಧಕ ಶಕ್ತಿಯೂ ಬೆಳೆಯುತ್ತದೆ. ಒಂದೇ ಕಡೆ ಕೆಸರಿನಲ್ಲಿ ಉಳಿದರೆ ಪ್ರಮಾಣ ಮಿತಿಮೀರುತ್ತದೆ. ಪಶುವೈದ್ಯರು ಹೇಳಿದಂತೆ ನೀರಿನಲ್ಲಿ ಆಂಪ್ರೋಲಿಯಂ ಕೊಟ್ಟೆ. ಆ ಔಷಧ ಕೆಲಸ ಮಾಡುವುದೇ ಪರಾವಲಂಬಿಗೆ ಬಿ1 ವಿಟಮಿನ್ ಸಿಗದಂತೆ ತಡೆದು, ಆದ್ದರಿಂದ ಆ ದಿನಗಳಲ್ಲಿ ವಿಟಮಿನ್ ಪುಡಿ ಕೊಡುವುದು ನಿಲ್ಲಿಸಿದೆ. ಒಂದು ಮರಿ ಉಳಿಯಲಿಲ್ಲ. ಅಂದಿನಿಂದ ಮಳೆಯಿದ್ದರೂ ಕೊಡೆ ಹಿಡಿದು ಗೂಡು ಎಳೆದೆ, ಗೂಡಿನ ಅರ್ಧ ಉದ್ದವಷ್ಟಾದರೂ ಸರಿ.

ರಾತ್ರಿ ಹೊರಗೆ ಬಿಟ್ಟಿದ್ದು ನಾಲ್ಕನೇ ವಾರ ತುಂಬಿದ ಮೇಲೆ, ಮೈತುಂಬಾ ಪುಕ್ಕ ಬರುತ್ತಿದ್ದಾಗ. ಮುಸ್ಸಂಜೆಯಲ್ಲಿ ಅವು ಕತ್ತಲೆ ಕೋಣೆಗೆ ಹೋಗದೆ ಜಾಲರಿಯ ಮೂಲೆಯಲ್ಲಿ, ಒದ್ದೆ ಹುಲ್ಲಿನ ಮೇಲೆ ಒತ್ತರಿಸಿಕೊಂಡವು. ಮರಿಗಳು ಬೆಳಕಿನ ಕಡೆಗೇ ಸರಿಯುತ್ತವೆ. ಒಳಗೆ ಸಣ್ಣ ದೀಪ ಇಟ್ಟೆ, ಒಂದೊಂದಾಗಿ ಒಳಹೋದವು. ಬಾಗಿಲು ಹಾಕಿ ದೀಪ ಆರಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳುತ್ತಿದ್ದೆ. ಜೋರಾದ, ಚೂಪಾದ ಕೂಗಿದ್ದರೆ ಏನೋ ಕೊರತೆ. ನಾಲ್ಕು ರಾತ್ರಿ ಹೀಗೆ ಮಾಡಿದೆ. ಐದನೆಯ ಸಂಜೆ ನಾನು ದೀಪ ತರುವಷ್ಟರಲ್ಲಿ ಅವೇ ಒಳಗೆ ಸೇರಿ ಸದ್ದಿಲ್ಲದೆ ಕೂತಿದ್ದವು.